ರೂಪಾಂತರಿ ಯಂತ್ರಮಾನವರು: ಅವರ ಮುಪ್ಪು, ಅವರ ಚಿಕಿತ್ಸೆ

ಆಟಿಕೆಯೆಂದರೆ ಮಕ್ಕಳು ನಾಲ್ಕು ದಿನ ಆಡಿ, ಐದನೆಯ ದಿನ ಮುರಿದು, ಆರನೆಯ ದಿನ ಮರೆತುಬಿಡುವ ವಸ್ತುವೆಂದು ಹಿರಿಯರು ಭಾವಿಸುವುದುಂಟು. ಆದರೆ ನಲವತ್ತು ವರ್ಷಗಳ ಹಿಂದೆ ಜಪಾನಿನಲ್ಲಿ ತಯಾರಾದ ಒಂದು ಜಾತಿಯ ಆಟಿಕೆಗಳನ್ನು ಇಂದು ಬೆಳೆದ ಮನುಷ್ಯರು ಹುಡುಕಿ ಹುಡುಕಿ ಕೊಳ್ಳುತ್ತಾರೆ. ಭೂತಗಾಜು ಹಿಡಿದು ಪರೀಕ್ಷಿಸುತ್ತಾರೆ. ಸಡಿಲಾದ ಕೀಲನ್ನು ಬಿಗಿಮಾಡುತ್ತಾರೆ. ಮುರಿದ ಕೈಯನ್ನು ಬೆಸೆಯುತ್ತಾರೆ. ನೋಡುವುದಕ್ಕೆ ಅದೊಂದು ಪುಟ್ಟ ಮೋಟಾರು ಗಾಡಿ. ಅದರ ಬಾಗಿಲನ್ನು ಹೊರಕ್ಕೆ ತಿರುವಿ, ಹಿಂಭಾಗವನ್ನು ಎಳೆದು ಎರಡಾಗಿ ಸೀಳಿ, ಮುಂಭಾಗವನ್ನು ಮಡಿಸಿದರೆ ಗಾಡಿ ಮಾಯವಾಗಿ, ಎದೆಯ ಮೇಲೆ ದೀಪಗಳನ್ನು ಧರಿಸಿದ ಯಂತ್ರಮಾನವನೊಬ್ಬ ನಿಲ್ಲುತ್ತಾನೆ. ಯಾವ ಭಾಗವನ್ನೂ ಕಳಚಿ ಬೇರೆ ಇಡಬೇಕಾಗಿಲ್ಲ. ಹೊಸದಾಗಿ ಸೇರಿಸಬೇಕಾಗಿಯೂ ಇಲ್ಲ. ಇಂಥ ಆಟಿಕೆಗಳು ಹೇಗೆ ಹುಟ್ಟಿದುವು, ಏಕೆ ಹಾಳಾಗುತ್ತವೆ, ಅವನ್ನು ಸರಿಪಡಿಸುವವರು ಎದುರಿಸುವ ಕಷ್ಟಗಳೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಇವುಗಳ ವಂಶಾವಳಿ ಸ್ವಾರಸ್ಯವಾದುದು. 1964ರಲ್ಲಿ ಅಮೆರಿಕೆಯ ಹ್ಯಾಸ್‌ಬ್ರೊ ಸಂಸ್ಥೆ ಜಿ. ಐ. ಜೋ ಎಂಬ ಸೈನಿಕನ ಬೊಂಬೆಯನ್ನು ಹೊರತಂದಿತು. ಜಪಾನಿನ ಟಕಾರಾ ಸಂಸ್ಥೆ ಅದನ್ನು ಅನುಮತಿ ಪಡೆದು ತನ್ನ ದೇಶದಲ್ಲಿ ಮಾರಿತು. ಬಳಿಕ 1972ರಲ್ಲಿ ಆ ಬೊಂಬೆಯ ದೇಹವನ್ನೇ ಆಧಾರವಾಗಿಟ್ಟುಕೊಂಡು, ಒಳಗಿನ ಯಂತ್ರಗಳು ಕಾಣುವಂತೆ ಪಾರದರ್ಶಕ ಮೈಯುಳ್ಳ ಇನ್ನೊಂದು ಬೊಂಬೆಯನ್ನು ಮಾಡಿತು. ಅದನ್ನು ಸುಮಾರು ಹತ್ತು ಸೆಂಟಿಮೀಟರಿಗೆ ಕುಗ್ಗಿಸಿದಾಗ 1974ರಲ್ಲಿ ಮೈಕ್ರೋಮ್ಯಾನ್ ಹುಟ್ಟಿತು. 1980ರಲ್ಲಿ ಡಯಾಕ್ಲೋನ್ ಎಂಬ ಮಾಲೆ ಬಂದಿತು. ಇದರಲ್ಲಿ ಮನುಷ್ಯರು ಹೆಬ್ಬೆರಳ ತುದಿಯಷ್ಟು. ಅವರು ಏರುವ ವಾಹನಗಳೇ ಯಂತ್ರಮಾನವರಾಗಿ ಬದಲಾಗುತ್ತಿದ್ದುವು. 1983ರ ಮೈಕ್ರೋ ಚೇಂಜ್ ಎಂಬ ಮಾಲೆಯಲ್ಲಿ ಮನೆಯಲ್ಲಿರುವ ವಸ್ತುಗಳು, ಎಂದರೆ ಟೇಪ್ ರಿಕಾರ್ಡರು, ಕ್ಯಾಮೆರಾ, ಆಟದ ಪಿಸ್ತೂಲು ಮೊದಲಾದುವು ತಮ್ಮ ನಿಜವಾದ ಅಳತೆಯಲ್ಲಿಯೇ ಇದ್ದು ಯಂತ್ರಮಾನವರಾಗುತ್ತಿದ್ದುವು. ಈ ಎರಡು ಮಾಲೆಗಳಿಂದ ಆರಿಸಿಕೊಂಡ ಆಟಿಕೆಗಳಿಗೆ ಹೊಸ ಹೆಸರು, ಹೊಸ ಕಥೆಗಳನ್ನು ಕೊಟ್ಟು 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಎಂದು ಅಮೆರಿಕೆಯಲ್ಲಿ ಮಾರಿದ ಸಂಸ್ಥೆ ಅದೇ ಹ್ಯಾಸ್‌ಬ್ರೊ. ಇಪ್ಪತ್ತು ವರ್ಷಗಳ ಹಿಂದೆ ಹುಟ್ಟಿ, ಬಳಿಕ ಕಡಲು ದಾಟಿದ ಬೊಂಬೆಯ ಮೊಮ್ಮಗ ಹೀಗೆ ತಾತನ ಮನೆಗೇ ಹಿಂದಿರುಗಿದನೆನ್ನಬಹುದು.

ಈ ವಂಶಚರಿತ್ರೆಯ ಗುರುತುಗಳು ಆಟಿಕೆಗಳ ಮೈಯಲ್ಲಿಯೇ ಉಳಿದಿವೆ. ಅಮೆರಿಕೆಯ ಕಥೆಯಲ್ಲಿ ಯಂತ್ರಮಾನವರು ತಮ್ಮಷ್ಟಕ್ಕೆ ತಾವೇ ಜೀವವುಳ್ಳವರು. ಅವರನ್ನು ನಡೆಸಲು ಚಾಲಕ ಬೇಡ. ಆದರೂ ಆ ಗಾಡಿಗಳ ಮೇಲ್ಭಾಗವನ್ನು ತೆರೆದರೆ ಒಳಗೆ ಪುಟ್ಟ ಆಸನ ಕಾಣುತ್ತದೆ. ಡಯಾಕ್ಲೋನಿನ ಕಿರುಚಾಲಕನಿಗಾಗಿ ಮಾಡಿದ ಆ ಆಸನವನ್ನು ಉಕ್ಕಿನ ಅಚ್ಚಿನಿಂದ ತೆಗೆದುಹಾಕುವ ಗೋಜಿಗೆ ಯಾರೂ ಹೋಗಲಿಲ್ಲ. ಮನುಷ್ಯನ ಬೆನ್ನೆಲುಬಿನ ತುದಿಯಲ್ಲಿ ಬಾಲದ ಮೂಳೆ ಉಳಿದಂತೆ, ಕೆಲಸ ಮುಗಿದ ಮೇಲೂ ಅದು ಉಳಿದುಕೊಂಡಿತು. ಟೇಪ್ ರಿಕಾರ್ಡರಾಗುವ ಸೌಂಡ್‌ವೇವ್ ಮತ್ತು ಪಿಸ್ತೂಲಾಗುವ ಮೆಗಾಟ್ರಾನ್ ಎಂಬವರು ಕಥೆಯಲ್ಲಿ ರೂಪದೊಡನೆ ಗಾತ್ರವನ್ನೂ ಬದಲಿಸಬೇಕಾಗಿ ಬಂದುದು ಇಂಥದೇ ಕಾರಣದಿಂದ. ಅವರು ಬೇರೊಂದು ಅಳತೆಯ ಕುಲದಿಂದ ಬಂದವರು.

ಒಂದೇ ಮೈ ಎರಡು ರೂಪಗಳನ್ನು ತಾಳುವುದು ಹೇಗೆ? ವಿನ್ಯಾಸಕಾರನ ಮುಂದಿರುವ ಸಮಸ್ಯೆ ಕ್ಷೇತ್ರಗಣಿತದ್ದು. ಗಾಡಿಯ ಹೊರಮೈ ಒಂದು ಟೊಳ್ಳು ಪೆಟ್ಟಿಗೆ. ಮನುಷ್ಯಾಕೃತಿ ಉದ್ದವಾದ ಕೈಕಾಲುಗಳ ಜೋಡಣೆ. ಪೆಟ್ಟಿಗೆಯ ಗೋಡೆಗಳನ್ನೇ ಕೈಕಾಲುಗಳಾಗಿ ಬಿಡಿಸಬೇಕು. ಅದಕ್ಕೆ ಅವನ ಬಳಿ ಇರುವ ಸಾಧನಗಳು ಮುಖ್ಯವಾಗಿ ಮೂರೇ: ಬಾಗಿಲಿನಂತೆ ತಿರುಗುವ ಕೀಲು, ಮೇಜಿನ ಖಾನೆಯಂತೆ ಜಾರುವ ತೋಡು, ನಮ್ಮ ಭುಜದಂತೆ ಎಲ್ಲ ಕಡೆಗೂ ಹೊರಳುವ ಗುಂಡು ಮತ್ತು ಗುಳಿ. ಆಪ್ಟಿಮಸ್ ಪ್ರೈಮ್ ಎಂದು ಪ್ರಸಿದ್ಧವಾದ ಆಟಿಕೆಯನ್ನು ನೋಡಿ. ಲಾರಿಯ ಮುಂಗಾಜುಗಳು ಯಂತ್ರಮಾನವನ ಎದೆಯಾಗುತ್ತವೆ. ಹಿಂಭಾಗ ಜಾರಿ ನೀಳವಾಗಿ ಕಾಲುಗಳಾಗುತ್ತದೆ. ಪಕ್ಕಗಳು ಹೊರಳಿ ತೋಳುಗಳಾಗುತ್ತವೆ. ಒಳಗಿನಿಂದ ತಲೆ ಮೇಲೇಳುತ್ತದೆ. ಅಂಗೈಗಳಿಗೆ ಮಾತ್ರ ಒಳಗೆ ಸ್ಥಳ ಸಿಗಲಿಲ್ಲ. ಅವನ್ನು ಪ್ರತ್ಯೇಕವಾಗಿ ಸಿಕ್ಕಿಸಬೇಕು. ಆದುದರಿಂದಲೇ ಹಳೆಯ ಆಟಿಕೆಗಳಲ್ಲಿ ಅಂಗೈ ಕಳೆದುಕೊಂಡವುಗಳೇ ಹೆಚ್ಚು. ಡಯಾಕ್ಲೋನ್ ಮಾಲೆಗಾಗಿ ಈ ಲಾರಿಯನ್ನು ರೂಪಿಸುವುದರಲ್ಲಿ ಶೋಜಿ ಕವಾಮೊರಿ ಎಂಬವರ ಕೈಯಿತ್ತು. 1982ರ ಮ್ಯಾಕ್ರಾಸ್ ಚಿತ್ರಮಾಲೆಯ ರೂಪ ಬದಲಿಸುವ ವಿಮಾನವನ್ನು ವಿನ್ಯಾಸಗೊಳಿಸಿದವರೂ ಇವರೇ. 1960ರಲ್ಲಿ ಹುಟ್ಟಿದ ಇವರಿಗೆ ಆಗ ಇನ್ನೂ ಇಪ್ಪತ್ತರ ಆಸುಪಾಸಿನ ವಯಸ್ಸು.

ಕೀಲು ಇದ್ದರೆ ಸಾಲದು. ಎತ್ತಿದ ತೋಳು ಎತ್ತಿದಂತೆಯೇ ನಿಲ್ಲಬೇಕು. ತೋಳಿನ ಭಾರ ಅದನ್ನು ಕೆಳಕ್ಕೆ ತಿರುಗಿಸಲು ಯತ್ನಿಸುತ್ತದೆ; ಕೀಲಿನೊಳಗಿನ ಘರ್ಷಣೆ ಅದನ್ನು ತಡೆಯುತ್ತದೆ. ಅಚ್ಚುಗೂಟ ತನ್ನ ರಂಧ್ರಕ್ಕಿಂತ ಕೂದಲೆಳೆಯಷ್ಟು ದಪ್ಪವಾಗಿದ್ದರೆ ಬಿಗಿ ಸರಿಯಾಗಿರುತ್ತದೆ. ಸಾವಿರ ಸಲ ತಿರುಗಿಸಿದ ಮೇಲೆ ಪ್ಲಾಸ್ಟಿಕ್ಕು ಸವೆದು, ಆ ಕೂದಲೆಳೆಯ ಅಂತರ ಅತ್ತಿತ್ತಾದರೆ ತೋಳು ಜೋಲುಬೀಳುತ್ತದೆ. ಹಳೆಯ ಆಟಿಕೆಗಳ ವ್ಯಾಧಿಗಳಲ್ಲಿ ಇದು ಅತ್ಯಂತ ಸಾಮಾನ್ಯವಾದದ್ದು, ಸುಲಭವಾಗಿ ವಾಸಿಯಾಗುವಂಥದು ಕೂಡ. ಗುಂಡಿನ ಮೇಲೆ ಸ್ವಚ್ಛವಾದ ಅಂಟುದ್ರವವನ್ನು ತೆಳ್ಳಗೆ ಸವರಿ, ಅದು ಸಂಪೂರ್ಣವಾಗಿ ಒಣಗಿದ ಬಳಿಕವೇ ಗುಳಿಯೊಳಗೆ ಕೂಡಿಸಿದರೆ, ಕಳೆದುಹೋದ ದಪ್ಪ ಮರಳಿ ಬರುತ್ತದೆ. ಅವಸರ ಮಾಡಿದವರ ಕೀಲು ಶಾಶ್ವತವಾಗಿ ಅಂಟಿಕೊಳ್ಳುತ್ತದೆ.

ಇನ್ನು ದ್ರವ್ಯಗಳ ವಿಚಾರ. ಸಂಗ್ರಹಕಾರನ ನಿಜವಾದ ಚಿಂತೆ ಇರುವುದು ಇಲ್ಲಿಯೇ. ಮಗುವಿನ ಕೈಗೆ ಸಿಕ್ಕದೆ ಪೆಟ್ಟಿಗೆಯಲ್ಲಿಯೇ ಉಳಿದ ಆಟಿಕೆಯೂ ಮುದಿಯಾಗುತ್ತದೆ. ಅದನ್ನು ಹಾಳುಮಾಡುವ ಶತ್ರುಗಳು ಹಲವು ವೇಳೆ ಅದರೊಳಗೇ ಇವೆ.

ಮೊದಲು ಲೋಹವನ್ನು ತೆಗೆದುಕೊಳ್ಳೋಣ. 1974ರಲ್ಲಿ ಜಪಾನಿನ ಪೊಪಿ ಸಂಸ್ಥೆ ಮಜಿಂಗರ್ ಝಡ್ ಎಂಬ ಯಂತ್ರಮಾನವನನ್ನು ಲೋಹದ ಎರಕದಲ್ಲಿ ಮಾಡಿ, ಚೋಗೋಕಿನ್, ಎಂದರೆ ಮಹಾಮಿಶ್ರಲೋಹ ಎಂಬ ಹೆಸರಿನಲ್ಲಿ ಮಾರಿತು. ಹೆಸರು ದೊಡ್ಡದಾದರೂ ಲೋಹ ಸಾಧಾರಣವಾದ ಸತುವಿನ ಮಿಶ್ರಲೋಹ. ಸತುವಿಗೆ ಶೇಕಡಾ ನಾಲ್ಕರಷ್ಟು ಅಲ್ಯೂಮಿನಿಯಂ ಸೇರಿಸಿದರೆ ಅದು ಸುಮಾರು 385 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕರಗಿ, ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಆದರೆ ಈ ಮಿಶ್ರಲೋಹಕ್ಕೆ ಹಿಂದೆ ಒಂದು ಘೋರವಾದ ರೋಗವಿತ್ತು. ಅದರಲ್ಲಿ ಸೀಸ, ತವರ ಮೊದಲಾದ ಕಲ್ಮಷಗಳು ಅತ್ಯಲ್ಪ ಪ್ರಮಾಣದಲ್ಲಿದ್ದರೂ, ತೇವದ ಸಂಪರ್ಕದಲ್ಲಿ ಲೋಹದ ಹರಳುಗಳ ಸಂದುಗಳಲ್ಲಿ ಕಿಲುಬು ಹರಡಿ, ವಸ್ತು ಊದಿಕೊಂಡು, ಬಿರುಕುಬಿಟ್ಟು, ಕೊನೆಗೆ ಬೆರಳಿನ ಒತ್ತಡಕ್ಕೇ ಪುಡಿಯಾಗುತ್ತಿತ್ತು. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಆಟದ ರೈಲುಗಳೂ ಮೋಟಾರುಗಳೂ ಹೀಗೆ ನಾಶವಾಗಿವೆ. ಇದಕ್ಕೆ ಔಷಧವಿಲ್ಲ, ತಡೆಯುವ ಉಪಾಯವೊಂದೇ, ಅತ್ಯಂತ ಶುದ್ಧವಾದ ಸತುವನ್ನು ಬಳಸುವುದು. 1929ರಲ್ಲಿ ಅಮೆರಿಕೆಯ ನ್ಯೂಜೆರ್ಸಿ ಜಿಂಕ್ ಕಂಪೆನಿ ನೂರಕ್ಕೆ 99.99 ಪಾಲು ಶುದ್ಧವಾದ ಸತುವಿನಿಂದ ಮಾಡಿದ ಮಿಶ್ರಲೋಹಗಳನ್ನು ಬಳಕೆಗೆ ತಂದಿತು. ನಮ್ಮ ಯಂತ್ರಮಾನವರು ಆ ಜ್ಞಾನದ ಬಳಿಕ ಹುಟ್ಟಿದವರಾದುದರಿಂದ ಅವರ ಲೋಹದ ಅಂಗಗಳು ಬಹುಮಟ್ಟಿಗೆ ಗಟ್ಟಿಯಾಗಿಯೇ ಉಳಿದಿವೆ. ಬಣ್ಣ ಕಿತ್ತು ಹೋದ ಕಡೆ ಬೂದಿಬಣ್ಣದ ಮಂಕು ಕವಿಯುವುದು ಬೇರೆ ಮಾತು.

ಪ್ಲಾಸ್ಟಿಕ್ಕಿನ ಕಥೆ ಇಷ್ಟು ಸುಖಕರವಲ್ಲ. ಈ ಆಟಿಕೆಗಳಲ್ಲಿ ಹೆಚ್ಚಾಗಿ ಬಳಸಿರುವ ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ಕು ಅಕ್ರಿಲೋನೈಟ್ರೈಲ್, ಬ್ಯುಟಡೈಯೀನ್, ಸ್ಟೈರೀನ್ ಎಂಬ ಮೂರು ದ್ರವ್ಯಗಳಿಂದಾದುದು. ಇವುಗಳಲ್ಲಿ ಬ್ಯುಟಡೈಯೀನ್ ರಬ್ಬರಿನ ಅಂಶ; ಬಿದ್ದರೂ ಒಡೆಯದ ಗುಣ ಬರುವುದು ಅದರಿಂದಲೇ. ಆದರೆ ಅದರ ಅಣುಸರಪಳಿಯಲ್ಲಿರುವ ಜೋಡಿಬಂಧಗಳು ಆಮ್ಲಜನಕಕ್ಕೆ ಸುಲಭವಾಗಿ ಒಲಿಯುವಂಥವು. ಬಿಸಿಲಿನ ಅತಿನೇರಿಳೆ ಕಿರಣಗಳು ದಾರಿ ಮಾಡಿಕೊಡುತ್ತವೆ, ಆಮ್ಲಜನಕ ಸೇರಿಕೊಳ್ಳುತ್ತದೆ, ನೀಲಿ ಬೆಳಕನ್ನು ಹೀರುವ ಹೊಸ ಅಣುಗುಂಪುಗಳು ಹುಟ್ಟುತ್ತವೆ. ನೀಲಿಯನ್ನು ಕಳೆದುಕೊಂಡ ಬಿಳುಪು ನಮ್ಮ ಕಣ್ಣಿಗೆ ಹಳದಿಯಾಗಿ ಕಾಣುತ್ತದೆ. ಬಿಳಿಯ ಯಂತ್ರಮಾನವರು ಹಳೆಯ ದಂತದ ಬಣ್ಣಕ್ಕೆ ತಿರುಗುವುದು ಹೀಗೆ. ಮೇಲ್ಮೈ ಹಳದಿಯಾಗುತ್ತಿರುವಾಗ ಅದರೊಡನೆ ರಬ್ಬರಿನ ಗುಣವೂ ಕುಂದಿ, ಆ ಪದರ ಪೆಡಸಾಗುತ್ತಿರುತ್ತದೆ.

ಈ ಹಳದಿಯನ್ನು ನಿವಾರಿಸುವ ಒಂದು ವಿಧಾನ 2008ರಿಂದ ಬಹು ಪ್ರಚಾರಕ್ಕೆ ಬಂದಿದೆ. ಆಟಿಕೆಯನ್ನು ಹೈಡ್ರೊಜನ್ ಪೆರಾಕ್ಸೈಡ್ ದ್ರಾವಣದಲ್ಲಿ ಮುಳುಗಿಸಿ ಬಿಸಿಲಿಗಿಡುವುದೇ ಆ ವಿಧಾನ. ಕೆಲವು ಗಂಟೆಗಳಲ್ಲಿ ಹಳದಿ ಮಾಯವಾಗಿ ಹಿಂದಿನ ಬಿಳುಪು ಬಂದಂತೆ ತೋರುತ್ತದೆ. ಹಳೆಯ ಗಣಕಯಂತ್ರಗಳ ಪೆಟ್ಟಿಗೆಗಳನ್ನು ಬೆಳ್ಳಗೆ ಮಾಡುತ್ತಿದ್ದವರು ಕಂಡುಕೊಂಡ ಈ ಉಪಾಯವನ್ನು ಅನೇಕರು ಪವಾಡವೆಂದು ಕೊಂಡಾಡಿದ್ದಾರೆ. ನಮಗೆ ಅಷ್ಟು ಉತ್ಸಾಹವಿಲ್ಲ. ಪೆರಾಕ್ಸೈಡ್ ಬಣ್ಣ ಹುಟ್ಟಿಸುವ ಅಣುಗುಂಪುಗಳನ್ನು ಒಡೆಯುತ್ತದೆಯೇ ಹೊರತು ತುಂಡಾದ ರಬ್ಬರಿನ ಸರಪಳಿಗಳನ್ನು ಮತ್ತೆ ಕೂಡಿಸಲಾರದು. ರೋಗಿಯ ಮುಖಕ್ಕೆ ಪೌಡರು ಹಚ್ಚಿದರೆ ಜ್ವರ ಇಳಿಯುವುದೆ? ಹೀಗೆ ಬಿಳಿಮಾಡಿದ ಆಟಿಕೆಗಳು ಕೆಲವು ವರ್ಷಗಳಲ್ಲಿ ಮತ್ತೆ ಹಳದಿಯಾಗುವುದುಂಟು. ದ್ರಾವಣ ಸಮನಾಗಿ ತಗಲದಿದ್ದರೆ ಮೈಮೇಲೆ ಮಚ್ಚೆಗಳೂ ಉಳಿಯುತ್ತವೆ. ಕತ್ತಲೆಯ, ತಂಪಾದ ಕಪಾಟೇ ಇದಕ್ಕಿಂತ ಮೇಲಾದ ವೈದ್ಯ.

ಇದಕ್ಕಿಂತ ವಿಷಾದಕರವಾದುದು ಸಂಗ್ರಹಕಾರರು ‘ಚಿನ್ನದ ಪ್ಲಾಸ್ಟಿಕ್ಕಿನ ರೋಗ’ ಎಂದು ಕರೆಯುವ ವ್ಯಾಧಿ. 1980ರ ದಶಕದ ಕೊನೆಯಿಂದ ಮುಂದಿನ ಹಲವು ವರ್ಷಗಳ ಕಾಲ, ಬಣ್ಣ ಬಳಿಯುವ ಖರ್ಚಿಲ್ಲದೆ ಲೋಹದ ಮಿರುಗು ತರುವುದಕ್ಕಾಗಿ, ಹೊಳೆಯುವ ಸೂಕ್ಷ್ಮ ಚೂರುಗಳನ್ನು ಪ್ಲಾಸ್ಟಿಕ್ಕಿನಲ್ಲಿಯೇ ಬೆರೆಸಿ ಅಚ್ಚಿಗೆ ಹೊಯ್ಯುತ್ತಿದ್ದರು. ಕರಗಿದ ಪ್ಲಾಸ್ಟಿಕ್ಕು ಹರಿದ ಜಾಡು ಸುಳಿಸುಳಿಯಾಗಿ ಮೇಲ್ಮೈಯಲ್ಲಿ ಕಾಣುವುದೇ ಇದರ ಗುರುತು. ಅಂಥ ಕೆಲವು ಭಾಗಗಳು ಕಾಲಕ್ರಮದಲ್ಲಿ ಹಪ್ಪಳದಂತೆ ಸಿಡಿಯುತ್ತವೆ. ಇಪ್ಪತ್ತು ವರ್ಷ ಪೆಟ್ಟಿಗೆಯಿಂದ ಹೊರಬಾರದ ಯಂತ್ರಮಾನವನನ್ನು ಮೊದಲ ಬಾರಿಗೆ ರೂಪ ಬದಲಿಸಹೊರಟಾಗ ತೊಡೆ ಮುರಿದು ಕೈಗೆ ಬಂದ ಪ್ರಸಂಗಗಳಿವೆ. ಮುರಿದ ಅಂಚು ಪುಡಿಪುಡಿಯಾಗುವುದರಿಂದ ಅಂಟೂ ಹಿಡಿಯದು. ಇಂಥ ಆಟಿಕೆ ಸಿಕ್ಕರೆ ಅದನ್ನು ಇದ್ದ ರೂಪದಲ್ಲಿಯೇ ಬಿಡುವುದು ವಿವೇಕ. ರೂಪ ಬದಲಿಸುವುದಕ್ಕೆಂದೇ ಹುಟ್ಟಿದ ವಸ್ತುವನ್ನು ಎಂದಿಗೂ ರೂಪ ಬದಲಿಸದಂತೆ ಕಾಪಾಡಬೇಕಾಗಿ ಬಂದುದು ದುರ್ದೈವವೇ ಸರಿ.

ಒಂದು ಪ್ಲಾಸ್ಟಿಕ್ಕು ಇನ್ನೊಂದನ್ನು ಕೊಲ್ಲುವುದೂ ಉಂಟು. ಮೆತುವಾದ ಪಿ.ವಿ.ಸಿ.ಯಲ್ಲಿ ಆ ಮೆತುತನಕ್ಕಾಗಿ ಬೆರೆಸಿದ ಎಣ್ಣೆಯಂಥ ದ್ರವ್ಯ ನಿಧಾನವಾಗಿ ಹೊರಕ್ಕೆ ಒಸರುತ್ತದೆ. ಅಂಥ ಚಕ್ರದ ಪಟ್ಟಿ ಗಟ್ಟಿ ಪ್ಲಾಸ್ಟಿಕ್ಕಿಗೆ ತಾಗಿಕೊಂಡು ವರ್ಷಗಟ್ಟಲೆ ಇದ್ದರೆ, ತಾಗಿದ ಕಡೆ ಪ್ಲಾಸ್ಟಿಕ್ಕು ಮೇಣದಂತೆ ಕರಗಿ ಗುಳಿಬೀಳುತ್ತದೆ. ಕೀಲು ಬಿಗಿಯಾಗಿದೆಯೆಂದು ತೆಂಗಿನೆಣ್ಣೆಯನ್ನೋ ಹೊಲಿಗೆ ಯಂತ್ರದ ಎಣ್ಣೆಯನ್ನೋ ಬಿಡುವವರು ಇದೇ ಬಗೆಯ ಅಪಾಯವನ್ನು ತಾವಾಗಿಯೇ ಬರಮಾಡಿಕೊಳ್ಳುತ್ತಾರೆ. ಸೆಳೆತಕ್ಕೆ ಸಿಕ್ಕಿರುವ ಪ್ಲಾಸ್ಟಿಕ್ಕಿನೊಳಕ್ಕೆ ಎಣ್ಣೆ ಹೊಕ್ಕು ಅಣುಸರಪಳಿಗಳ ಹಿಡಿತವನ್ನು ಸಡಿಲಿಸುವುದರಿಂದ ಕೀಲು ಬಿರಿಯುತ್ತದೆ. ಸಿಲಿಕೋನ್ ಎಣ್ಣೆಯಲ್ಲಿ ಈ ದೋಷವಿಲ್ಲ.

ಬೆಳ್ಳಿಯಂತೆ ಹೊಳೆಯುವ ಭಾಗಗಳನ್ನು ಕ್ರೋಮ್ ಎಂದು ಕರೆಯುವುದು ರೂಢಿ. ಅದು ನಿಜವಾಗಿ ಅಲ್ಯೂಮಿನಿಯಂ. ಗಾಳಿ ತೆಗೆದ ಕೊಠಡಿಯಲ್ಲಿ ಅಲ್ಯೂಮಿನಿಯಮನ್ನು ಕಾಯಿಸಿ ಆವಿಯಾಗಿಸಿದರೆ, ಅದು ಪ್ಲಾಸ್ಟಿಕ್ಕಿನ ಮೇಲೆ ಇಬ್ಬನಿಯಂತೆ ಕೂಡುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಬಹಳ ಕಡಿಮೆ. ಕೆಳಗೊಂದು, ಮೇಲೊಂದು ಅರಗಿನಂಥ ಲೇಪವಷ್ಟೇ ಅದಕ್ಕೆ ರಕ್ಷೆ. ಮೇಲಿನ ಲೇಪ ಎಲ್ಲಿ ಸವೆಯಿತೋ ಅಲ್ಲಿ ಆಮ್ಲವೂ ಅದನ್ನು ತಿನ್ನುತ್ತದೆ, ಕ್ಷಾರವೂ ತಿನ್ನುತ್ತದೆ. ಹಿತ್ತಾಳೆಯ ಚೊಂಬನ್ನು ಹುಣಸೆಹಣ್ಣಿನಿಂದ ತಿಕ್ಕಿ ಥಳಥಳಿಸುವ ನಮ್ಮ ಮನೆಗಳ ಪದ್ಧತಿಯನ್ನು ಇಲ್ಲಿ ಅನುಸರಿಸಿದರೆ ಹೊಳಪು ಕೊಳೆಯೊಡನೆಯೇ ಹೊರಟುಹೋದೀತು. ತೇವವಾದ ಮೆತ್ತನೆಯ ಬಟ್ಟೆಯಿಂದ ಒತ್ತಿ ತೆಗೆದರೆ ಸಾಕು.

1985ರಿಂದ ಈ ಆಟಿಕೆಗಳ ಮೇಲೆ ಒಂದು ಕಪ್ಪು ಚೌಕದ ಚೀಟಿ ಕಾಣಿಸಿಕೊಂಡಿತು. ಬೆರಳಿನಿಂದ ಉಜ್ಜಿದರೆ ಅದರಲ್ಲಿ ಕಾಮನಬಿಲ್ಲಿನ ಬಣ್ಣಗಳ ನಡುವೆ ಯಂತ್ರಮಾನವನ ಪಂಗಡದ ಮುಖಮುದ್ರೆ ಮೂಡುತ್ತದೆ. ಕೈ ತೆಗೆದರೆ ಅಳಿಯುತ್ತದೆ. ನಕಲಿ ಸರಕನ್ನು ಗುರುತಿಸಲು ಮಾಡಿದ ಈ ಉಪಾಯದ ಮರ್ಮ ದ್ರವಸ್ಫಟಿಕ. 1888ರಲ್ಲಿ ರೈನಿಟ್ಜರ್ ಎಂಬ ಸಸ್ಯವಿಜ್ಞಾನಿ ಒಂದು ದ್ರವ್ಯ ಎರಡು ಬೇರೆ ಬೇರೆ ಉಷ್ಣತೆಗಳಲ್ಲಿ ಎರಡು ಸಲ ಕರಗುವಂತೆ ತೋರುವುದನ್ನು ಕಂಡನು. ನಡುವಣ ಅವಸ್ಥೆಯಲ್ಲಿ ಅದು ದ್ರವದಂತೆ ಹರಿಯುತ್ತಿದ್ದರೂ ಅದರ ಅಣುಗಳು ಸ್ಫಟಿಕದಲ್ಲಿರುವಂತೆ ಶಿಸ್ತಾಗಿ ನಿಂತಿದ್ದುವು. ಕೆಲವು ದ್ರವಸ್ಫಟಿಕಗಳಲ್ಲಿ ಅಣುಪದರಗಳು ಸುರುಳಿ ಮೆಟ್ಟಿಲಿನಂತೆ ಹೊರಳಿಕೊಂಡಿರುತ್ತವೆ; ಬೆಚ್ಚಗಾದರೆ ಸುರುಳಿಯ ಅಂತರ ಬದಲಾಗಿ, ಪ್ರತಿಫಲಿಸುವ ಬಣ್ಣವೂ ಬದಲಾಗುತ್ತದೆ. ಈ ವಿಜ್ಞಾನಕ್ಕೆ ನಮ್ಮ ನಾಡಿನ ಕಾಣಿಕೆಯೂ ಉಂಟು. ತಟ್ಟೆಯ ಆಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು 1977ರಲ್ಲಿ ತೋರಿಸಿಕೊಟ್ಟವರು ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ಎಸ್. ಚಂದ್ರಶೇಖರ್ ಮತ್ತು ಅವರ ಸಹೋದ್ಯೋಗಿಗಳು. ಆಟಿಕೆಯ ಚೀಟಿಯಲ್ಲಿರುವುದು ಆ ಬಗೆಯದಲ್ಲ, ಸುರುಳಿಯ ಬಗೆಯದು. ಆದರೂ ಅದನ್ನು ಉಜ್ಜುವಾಗ ಈ ಸಂಗತಿ ನಮ್ಮ ನೆನಪಿಗೆ ಬಾರದಿರದು. ಹಳೆಯ ಚೀಟಿಗಳನೇಕವು ಈಗ ಉಜ್ಜಿದರೂ ಮುಖ ತೋರಿಸವು. ಒಳಗಿನ ದ್ರವ್ಯ ಕೆಟ್ಟ ಮೇಲೆ ಅದಕ್ಕೆ ಪುನರುಜ್ಜೀವನವಿಲ್ಲ.

ರಿಪೇರಿಯ ಕೆಲಸದಲ್ಲಿ ಕೈಚಳಕಕ್ಕಿಂತ ತಾಳ್ಮೆ ಹೆಚ್ಚು ಬೇಕು. ಆಟಿಕೆಯ ಸ್ಕ್ರೂಗಳು ಪ್ಲಾಸ್ಟಿಕ್ಕಿನಲ್ಲಿ ತಾವೇ ಮರೆಯನ್ನು ಕೊರೆದುಕೊಂಡು ಕುಳಿತಿರುತ್ತವೆ. ಬಿಚ್ಚಿದ ಸ್ಕ್ರೂವನ್ನು ಹಾಗೆಯೇ ಒತ್ತಿ ತಿರುಗಿಸಿದರೆ ಅದು ಹೊಸ ಮರೆಯನ್ನು ಕೊರೆದು ಹಳೆಯದನ್ನು ಕೆಡಿಸುತ್ತದೆ. ಅದನ್ನು ಮೊದಲು ಹಿಂದುಹಿಂದಕ್ಕೆ ಮೆಲ್ಲಗೆ ತಿರುಗಿಸಬೇಕು. ಒಂದೆಡೆ ಟಿಕ್ಕೆಂದು ಕೆಳಕ್ಕೆ ಇಳಿದಂತೆ ಬೆರಳಿಗೆ ತಿಳಿಯುತ್ತದೆ. ಹಳೆಯ ಮರೆಯ ಬಾಯಿ ಅದೇ. ಅಲ್ಲಿಂದ ಮುಂದಕ್ಕೆ ತಿರುಗಿಸಬೇಕು. ಕೀಲುಗಳಲ್ಲಿರುವ ಉಕ್ಕಿನ ಕಡ್ಡಿಗಳಿಗೆ ಸಾಮಾನ್ಯವಾಗಿ ಒಂದು ತುದಿ ನುಣುಪು, ಇನ್ನೊಂದು ತುದಿಯಲ್ಲಿ ಗೀರುಗಳು. ನುಣುಪಾದ ತುದಿಯಿಂದ ತಳ್ಳಿ, ಗೀರುಳ್ಳ ತುದಿ ಮೊದಲು ಹೊರಬರುವಂತೆ ತೆಗೆಯಬೇಕು. ತಿರುಗುಮುರುಗಾಗಿ ಹೊಡೆದರೆ ಗೀರುಗಳು ರಂಧ್ರದ ಉದ್ದಕ್ಕೂ ಉತ್ತುಕೊಂಡು ಹೋಗಿ ಪ್ಲಾಸ್ಟಿಕ್ಕನ್ನು ಸೀಳುತ್ತವೆ. ಸೊಟ್ಟಗಾದ ರೆಕ್ಕೆಯನ್ನೋ ಕತ್ತಿಯನ್ನೋ ಕುದಿಯುವುದಕ್ಕೆ ಸ್ವಲ್ಪ ಮುಂಚಿನ ಬಿಸಿನೀರಿನಲ್ಲಿ ಅದ್ದಿ, ನೇರಮಾಡಿ, ತಣ್ಣೀರಿಗೆ ಹಾಕಿದರೆ ನೇರವಾಗಿಯೇ ನಿಲ್ಲುತ್ತದೆ. ಕ್ಷಣದಲ್ಲಿ ಹಿಡಿಯುವ ಅಂಟನ್ನು ಪಾರದರ್ಶಕ ಗಾಜುಗಳ ಬಳಿ ಬಳಸಕೂಡದು. ಅದರ ಆವಿ ಗಾಳಿಯ ತೇವದೊಡನೆ ಸೇರಿ ಗಟ್ಟಿಯಾಗಿ, ಸುತ್ತಲೂ ಬೂಷ್ಟಿನಂಥ ಬಿಳಿಯ ಮಬ್ಬನ್ನು ಹರಡುತ್ತದೆ. ಬ್ಯಾಟರಿ ಸೋರಿದ ಖಾನೆಯನ್ನು ಶುಚಿಮಾಡುವಾಗ ಬ್ಯಾಟರಿಯ ಜಾತಿಯನ್ನು ನೋಡಬೇಕು. ಆಲ್ಕಲೈನ್ ಬ್ಯಾಟರಿಯಿಂದ ಸೋರುವುದು ಕ್ಷಾರ. ಅದಕ್ಕೆ ನಿಂಬೆರಸ ಅಥವಾ ವಿನೆಗರ್. ಹಳೆಯ ಸತು-ಇಂಗಾಲದ ಬ್ಯಾಟರಿಯಿಂದ ಸೋರುವುದು ಆಮ್ಲೀಯ. ಅದಕ್ಕೆ ಅಡುಗೆ ಸೋಡಾ.

ಆದರೆ ಎಲ್ಲವನ್ನೂ ಸರಿಮಾಡುವುದು ಸರಿಯೆ? ಒಂದು ಉದಾಹರಣೆಯನ್ನು ನೋಡೋಣ. ಅಮೆರಿಕೆಯಲ್ಲಿ ಮಾರಿದ ಅನೇಕ ಆಟಿಕೆಗಳಲ್ಲಿ ಕ್ಷಿಪಣಿಯನ್ನು ಹಾರಿಸುವ ಸ್ಪ್ರಿಂಗು ತೀರ ದುರ್ಬಲ. ಕ್ಷಿಪಣಿ ಹಾರುವುದಿಲ್ಲ, ಉದುರುತ್ತದೆ. ಸಂಗ್ರಹಕಾರರಲ್ಲಿ ಕೆಲವರು ಇದನ್ನು ದೋಷವೆಂದು ಬಗೆದು ಬಲವಾದ ಸ್ಪ್ರಿಂಗನ್ನು ಹಾಕುತ್ತಾರೆ. 1978ರ ಕೊನೆಯಲ್ಲಿ ಬೇರೊಂದು ಆಟಿಕೆಯ ಪುಟ್ಟ ಕ್ಷಿಪಣಿ ಗಂಟಲಿಗೆ ಸಿಕ್ಕಿಕೊಂಡು ಅಲ್ಲಿ ಮಗುವೊಂದು ಸತ್ತಿತು. ಆ ಬಳಿಕ ತಯಾರಕರು ಬೇಕೆಂದೇ ಸ್ಪ್ರಿಂಗುಗಳ ಬಲವನ್ನು ಕುಗ್ಗಿಸಿದರು. ಆ ದುರ್ಬಲವಾದ ಸ್ಪ್ರಿಂಗು ಒಂದು ಸಾವಿನ ನೆನಪನ್ನು ಹೊತ್ತಿದೆ. ಅದನ್ನು ಕಿತ್ತುಹಾಕಿದರೆ ಆಟಿಕೆಯ ಚರಿತ್ರೆಯ ಒಂದು ಪುಟವನ್ನೇ ಹರಿದಂತಾಗುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರಂತೂ ಈ ಕೆಲಸಕ್ಕೆ ಕೈಹಾಕಲೇಬಾರದು.

ಇನ್ನೊಂದು ತೊಡಕು ಹಣಕ್ಕೆ ಸಂಬಂಧಿಸಿದ್ದು. 2000ದ ಈಚೆಗೆ ಹಳೆಯ ವಿನ್ಯಾಸಗಳ ಅನೇಕ ಆಟಿಕೆಗಳನ್ನು ತಯಾರಕರೇ ಮತ್ತೆ ಹೊರತಂದಿದ್ದಾರೆ. ಅವನ್ನು ಅನುಕರಿಸುವ ನಕಲಿಗಳೂ ಧಾರಾಳವಾಗಿ ಬಂದಿವೆ. ಇವುಗಳ ಅಂಗೈ, ಕೋವಿ, ಕ್ಷಿಪಣಿಗಳು ಹಳೆಯ ಆಟಿಕೆಗೆ ಸೊಗಸಾಗಿ ಹೊಂದುತ್ತವೆ. ಬಡ ಸಂಗ್ರಹಕಾರನಿಗೆ ಇದು ವರ, ಮೋಸಗಾರನಿಗೂ ವರವೇ. ಆಟಿಕೆಯ ಬೆನ್ನಿನ ಮೇಲೆ ಅಚ್ಚೊತ್ತಿದ ಇಸವಿಯನ್ನು ನೋಡಿ ಮಾರುಹೋಗುವವರು ಬಹಳ ಮಂದಿ. ಅದು ವಿನ್ಯಾಸದ ಹಕ್ಕನ್ನು ಸೂಚಿಸುವ ಇಸವಿ. ಆ ಪ್ರತಿ ತಯಾರಾದ ವರ್ಷವಲ್ಲ. ಅದೇ ಅಚ್ಚಿನಿಂದ ಇಪ್ಪತ್ತು ವರ್ಷಗಳ ಬಳಿಕ ತೆಗೆದ ಪ್ರತಿಯಲ್ಲಿಯೂ ಅದೇ ಇಸವಿ ಇರಬಹುದು. ಅಚ್ಚು ಸವೆದಂತೆ ಅಂಚುಗಳು ಮೊಂಡಾಗುತ್ತವೆ, ಸಂದಿನ ಗೆರೆಗಳು ದಪ್ಪವಾಗುತ್ತವೆ. ಪ್ಲಾಸ್ಟಿಕ್ಕಿನ ಬಣ್ಣ ಒಂದು ಛಾಯೆ ಹೆಚ್ಚುಕಡಿಮೆಯಿರುತ್ತದೆ. ಒಂದೇ ಆಟಿಕೆಯ ಎರಡು ಪ್ರತಿಗಳನ್ನು ಹಗಲು ಬೆಳಕಿನಲ್ಲಿ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇವು ಗೋಚರವಾಗುತ್ತವೆ.

ವಸ್ತುಸಂಗ್ರಹಾಲಯಗಳಲ್ಲಿ ಮುರಿದ ಮಡಕೆಯನ್ನು ಜೋಡಿಸುವವರು, ತಾವು ತುಂಬಿದ ಭಾಗ ಹತ್ತಿರದಿಂದ ನೋಡಿದರೆ ಗೊತ್ತಾಗುವಂತೆ ಬಿಡುತ್ತಾರೆ. ಮುಂದೆ ಬೇಕಾದರೆ ಕಳಚಿ ತೆಗೆಯಬಹುದಾದ ಅಂಟನ್ನೇ ಬಳಸುತ್ತಾರೆ. ಆಟಿಕೆಯ ವೈದ್ಯರಲ್ಲಿಯೂ ಈ ಪದ್ಧತಿ ಬೇರೂರಬೇಕೆಂದು ನಮ್ಮ ಅಪೇಕ್ಷೆ. ಹೊಸ ಅಂಗೈಯನ್ನು ಹಾಕಿದರೆ ಅದರ ಒಳಮೈಯಲ್ಲಿ, ಸಿಕ್ಕಿಸಿದಾಗ ಮರೆಯಾಗುವ ಕಡೆ, ಒಂದು ಸಣ್ಣ ಚುಕ್ಕೆಯನ್ನಿಡಬಹುದು. ಯಾವ ಭಾಗ ಹೊಸದು, ಯಾವ ಕೀಲಿಗೆ ಏನನ್ನು ಸವರಿದೆ, ಯಾವ ವರ್ಷ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗೆ ಇಡಬಹುದು. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆಯುವುದು ಲೇಸು. ಶಾಯಿ ತೇವಕ್ಕೆ ಹರಡಿ ಪ್ಲಾಸ್ಟಿಕ್ಕಿಗೆ ಕಲೆಯಾಗುತ್ತದೆ.